ಸೊಳ್ಳೆಯ ವಂಶವಾಹಿಗಳ ಪರೀಕ್ಷೆಯಲ್ಲಿ ವೈರಸ್ಸಿನ ಉಪಯೋಗ

ನಾಟಿಯ ಕಾಲದಲ್ಲಿ ಮನೆಯ ದುಡಿಯುವವನೊಬ್ಬನು ಡೆಂಗಿ ಜ್ವರದಿಂದ ಹಾಸಿಗೆ ಹಿಡಿದರೆ ಬೇಸಾಯಕ್ಕೆ ಎಷ್ಟು ನಷ್ಟವೆಂಬುದನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ವಿವರಿಸಬೇಕಾದುದಿಲ್ಲ. ಈ ಜ್ವರವನ್ನು ಮುಖ್ಯವಾಗಿ ಹರಡತಕ್ಕದ್ದು ಈಡಿಸ್ ಈಜಿಪ್ಟೈ ಎಂಬ, ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ, ಹಗಲಿನಲ್ಲಿ ಕಚ್ಚುವ ಸೊಳ್ಳೆ. ಆದರೆ ರೋಗಿಯ ರಕ್ತವನ್ನು ಕುಡಿದ ಸೊಳ್ಳೆಗಳೆಲ್ಲವೂ ರೋಗವನ್ನು ಹರಡುವುದಿಲ್ಲ. ಕೆಲವುಗಳಲ್ಲಿ ರೋಗಾಣುವು ವೃದ್ಧಿಹೊಂದಿ ಲಾಲಾಗ್ರಂಥಿಯನ್ನು ಸೇರುವುದು. ಮತ್ತೆ ಕೆಲವುಗಳಲ್ಲಿ ಹೊಟ್ಟೆಯನ್ನು ದಾಟಲಾರದೆ ನಿಲ್ಲುವುದು. ಈ ವ್ಯತ್ಯಾಸದ ಕಾರಣವನ್ನು ಅರಿಯುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದೆ.

೧. ತೂಬಿನ ದೃಷ್ಟಾಂತ

ಪ್ರಾಣಿಯ ದೇಹದ ಕೆಲಸಗಳಿಗೆ ಬೇಕಾದ ಆಜ್ಞೆಗಳು ವಂಶವಾಹಿಗಳಲ್ಲಿ ಅಡಗಿರುವುವು. ಈ ಸೊಳ್ಳೆಯ ವಂಶವಾಹಿಗಳ ಪಟ್ಟಿಯು ೨೦೦೭ರಲ್ಲಿ ಪ್ರಕಟವಾಯಿತು. ಅದರಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕಿ ವಂಶವಾಹಿಗಳನ್ನು ಗುರುತಿಸಲಾಯಿತು. ಆದರೆ ಪಟ್ಟಿಯು ದೊರೆತ ಮಾತ್ರಕ್ಕೆ ಒಂದೊಂದರ ಕೆಲಸವು ತಿಳಿಯಲಾರದು. ಯಾವ ತೂಬು ಯಾವ ಗದ್ದೆಗೆ ನೀರುಣಿಸುವುದೆಂದು ತಿಳಿಯದ ನೀರುಗಂಟಿಯು ಒಂದೊಂದನ್ನೇ ಮುಚ್ಚಿ, ಯಾವ ಗದ್ದೆಯ ಪೈರು ಬಾಡುವುದೆಂದು ನೋಡುವನಷ್ಟೆ. ಶಾಸ್ತ್ರಜ್ಞರೂ ಹಾಗೆಯೇ ಒಂದು ವಂಶವಾಹಿಯನ್ನು ಅಡಗಿಸಿ, ಸೊಳ್ಳೆಯಲ್ಲಿ ಏನು ಕೆಡುವುದೆಂದು ಪರೀಕ್ಷಿಸುವರು.

೨. ವೈರಸ್ಸೇ ವಾಹಕ

ಸೊಳ್ಳೆಯ ಜೀವಕೋಶದೊಳಕ್ಕೆ ಈ ಮುಚ್ಚಳವನ್ನು ಒಯ್ಯುವ ಕೆಲಸಕ್ಕೆ ಸಿಂದ್ಬಿಸ್ ವೈರಸ್ಸನ್ನು ಉಪಯೋಗಿಸಿರುವರು. ಇದು ೧೯೫೨ರಲ್ಲಿ ಈಜಿಪ್ಟ್ ದೇಶದ ಸಿಂದ್ಬಿಸ್ ಗ್ರಾಮದ ಸೊಳ್ಳೆಗಳಲ್ಲಿ ದೊರೆತುದು. ಸೊಳ್ಳೆಯನ್ನು ಕೊಲ್ಲದೆ ಅದರ ದೇಹದಲ್ಲಿ ಹರಡುವುದು ಇದರ ಗುಣ. ಪರೀಕ್ಷಿಸಬೇಕಾದ ವಂಶವಾಹಿಯ ಒಂದು ತುಣುಕನ್ನು ತಿರುಗುಮುರುಗಾಗಿ ಈ ವೈರಸ್ಸಿನ ಆರ್‌ಎನ್‌ಎ ಎಳೆಯಲ್ಲಿ ಸೇರಿಸುವರು. ಈ ವಿಲೋಮ ತುಣುಕು ಸೊಳ್ಳೆಯ ಸ್ವಂತ ಆಜ್ಞೆಯ ಎಳೆಯೊಡನೆ ಜೋಡಿಯಾಗುವುದು. ಜೋಡಿ ಎಳೆಯನ್ನು ಕಂಡ ಜೀವಕೋಶವು ಅದನ್ನು ಕತ್ತರಿಸುವುದರಿಂದ ಆಜ್ಞೆಯು ನಿಂತುಹೋಗುವುದು. ಇಂಥ ಜೋಡಿ ಎಳೆಯ ಪ್ರಭಾವವನ್ನು ಫೈರ್ ಮತ್ತು ಮೆಲ್ಲೋ ಎಂಬ ಅಮೇರಿಕದ ವಿದ್ವಾಂಸರು ೧೯೯೮ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ತೋರಿಸಿಕೊಟ್ಟು, ೨೦೦೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

೩. ಎರಡು ಪ್ರಯೋಗಗಳು

೧೯೯೬ರಲ್ಲಿ ಅಮೇರಿಕದ ಕೊಲರಾಡೋ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಓಲ್ಸನ್ ಮೊದಲಾದವರು, ಎರಡನೆಯ ಬಗೆಯ ಡೆಂಗಿ ವೈರಸ್ಸಿನ ಒಂದು ತುಣುಕನ್ನೇ ವಿಲೋಮವಾಗಿ ಸಿಂದ್ಬಿಸ್ ವೈರಸ್ಸಿನಲ್ಲಿಟ್ಟು ಸೊಳ್ಳೆಗಳಿಗೆ ಚುಚ್ಚಿದರು. ಅವುಗಳ ಲಾಲಾಗ್ರಂಥಿಗಳಲ್ಲಿ ಆ ಬಗೆಯ ಡೆಂಗಿಯು ವೃದ್ಧಿಯಾಗಲಿಲ್ಲ.

೨೦೦೧ರಲ್ಲಿ ಪ್ರಕಟವಾದ ಪ್ರಯೋಗವು ಸೊಳ್ಳೆಯ ಸ್ವಂತ ವಂಶವಾಹಿಯೊಂದನ್ನು ಕುರಿತುದು. ಆರ್ಮಿಜೆರಿಸ್ ಎಂಬ ಸೊಳ್ಳೆಯು ತನ್ನ ದೇಹವನ್ನು ಹೊಕ್ಕ ಕೆಲವು ಎಳೆಹುಳುಗಳ ಸುತ್ತ ಕಪ್ಪು ಕವಚವನ್ನು ಕಟ್ಟಿ ಕೊಲ್ಲುವುದು. ಫೀನಾಲ್ ಆಕ್ಸಿಡೇಸ್ ಎಂಬ ಪದಾರ್ಥದ ವಂಶವಾಹಿಯನ್ನು ಮೇಲೆ ಹೇಳಿದ ಕ್ರಮದಿಂದ ಅಡಗಿಸಿದಾಗ ಕವಚವು ಕಟ್ಟುವುದು ಬಹಳಮಟ್ಟಿಗೆ ನಿಂತುಹೋಯಿತು. ಆದಕಾರಣ ಆ ರಕ್ಷಣೆಗೆ ಈ ವಂಶವಾಹಿಯೇ ಬೇಕೆಂಬುದು ಸಿದ್ಧವಾಯಿತು.

೪. ಈ ಕ್ರಮದ ಮಿತಿಗಳು

ಸಿಂದ್ಬಿಸ್ ವೈರಸ್ಸನ್ನು ಸಾಮಾನ್ಯವಾಗಿ ಒಂದೊಂದು ಸೊಳ್ಳೆಗೂ ಅತಿ ಸೂಕ್ಷ್ಮವಾದ ಗಾಜಿನ ಸೂಜಿಯಿಂದ ಚುಚ್ಚಬೇಕು. ಸೇರಿಸಿದ ತುಣುಕು ದೊಡ್ಡದಾದರೆ ವೈರಸ್ಸು ಅದನ್ನು ಬೇಗನೆ ಕಳೆದುಕೊಳ್ಳುವುದು. ವೈರಸ್ಸಿನಿಂದಲೇ ಕೆಲವು ಬದಲಾವಣೆಗಳಾಗಬಹುದಾದುದರಿಂದ, ಗೊಬ್ಬರದ ಪ್ರಯೋಗದಲ್ಲಿ ಗೊಬ್ಬರ ಹಾಕದ ಮಡಿಯನ್ನು ಹೋಲಿಕೆಗೆ ಬಿಡುವಂತೆ, ಆ ತುಣುಕಿಲ್ಲದ ವೈರಸ್ಸನ್ನು ಚುಚ್ಚಿದ ಸೊಳ್ಳೆಗಳನ್ನೂ ಜೊತೆಗೆ ಪರೀಕ್ಷಿಸತಕ್ಕದ್ದು. ಮೂಲ ಸಿಂದ್ಬಿಸ್ ವೈರಸ್ಸು ಮನುಷ್ಯರಿಗೆ ಜ್ವರವನ್ನೂ ಕೀಲುನೋವನ್ನೂ ತರಬಲ್ಲುದು. ಆದಕಾರಣ ಈ ಕೆಲಸವು ಭದ್ರವಾದ ಪ್ರಯೋಗಶಾಲೆಯೊಳಗೇ ನಡೆಯತಕ್ಕದ್ದು. ಭಾರತದಲ್ಲಿ ಇಂಥ ಮಾರ್ಪಡಿಸಿದ ಜೀವಿಗಳ ತಯಾರಿಕೆಯೂ ಉಪಯೋಗವೂ ೧೯೮೯ರ ಕೇಂದ್ರ ನಿಯಮಗಳಿಗೆ ಒಳಪಟ್ಟಿರುವುವು.

೫. ಗ್ರಾಮದಲ್ಲಿ ಮಾಡತಕ್ಕದ್ದು

ಮೇಲಿನ ಪ್ರಯೋಗಗಳು ಅರಿವನ್ನು ಕೊಡತಕ್ಕವೇ ಹೊರತು ಊರಿನಲ್ಲಿ ಹಾಕತಕ್ಕ ಔಷಧವಲ್ಲ. ಅವುಗಳಿಂದ ಪರಿಹಾರವು ಬರುವುದೆಂದು ಕಾದು ಕುಳಿತರೆ ಈ ವರ್ಷದ ಜ್ವರವು ನಿಲ್ಲದು. ಈಡಿಸ್ ಸೊಳ್ಳೆಯು ತೊಟ್ಟಿ, ಹಂಡೆ, ಒಡೆದ ಮಡಕೆ, ಹಳೆಯ ಟೈರು ಮುಂತಾದವುಗಳಲ್ಲಿ ನಿಂತ ನೀರಿನ ಅಂಚಿನಲ್ಲಿ ಮೊಟ್ಟೆಯಿಡುವುದು. ಈ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವದಿಂದಿರಬಲ್ಲವು. ನೀರು ತಗುಲಿದರೆ ಬಿಸಿಯ ದಿನಗಳಲ್ಲಿ ಎಂಟು ಹತ್ತು ದಿನಗಳೊಳಗಾಗಿ ಸೊಳ್ಳೆಯಾಗಿ ಹಾರುವುವು. ಆದುದರಿಂದ ನೀರನ್ನು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ತೊಟ್ಟಿಯ ಗೋಡೆಗಳನ್ನು ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ತುಂಬಿ ಮುಚ್ಚಿಡಬೇಕು. ಒಂದು ಮನೆಯವರು ತೊಳೆದು ನೆರೆಯವರು ಬಿಟ್ಟರೆ ಶ್ರಮವು ವ್ಯರ್ಥ. ಮುಖಂಡರು ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ತಮ್ಮ ಮನೆಯ ತೊಟ್ಟಿಯಿಂದಲೇ ಮೊದಲುಮಾಡಿ, ಊರಿನ ಎಲ್ಲ ಮನೆಗಳಲ್ಲಿಯೂ ಇದನ್ನು ನಡೆಸಿದಲ್ಲಿ ಹೆಚ್ಚಿನ ಖರ್ಚಿಲ್ಲದೆ ಜ್ವರದ ಬಾಧೆಯನ್ನು ಬಹಳಮಟ್ಟಿಗೆ ತಗ್ಗಿಸಬಹುದು.