ಗಂಡ ಅಲ್ಲಿ, ಹೆಂಡತಿ ಇಲ್ಲಿ: ಅಮೆರಿಕ ವೀಸಾ ಸಂದರ್ಶನಕ್ಕೆ ತಯಾರಾಗುವ ಬಗೆ

ರಜೆ ಸಿಗುವುದು ಮೂರು ವಾರ. ಧಾರೆ, ಆರತಕ್ಷತೆ, ಮನೆದೇವರ ದರ್ಶನ, ನೆಂಟರ ಮನೆ ಊಟ ಎಲ್ಲವನ್ನೂ ಅದರಲ್ಲೇ ಮುಗಿಸಿ ಗಂಡ ವಿಮಾನ ಹತ್ತುತ್ತಾನೆ. ಹೆಂಡತಿಗೆ ವೀಸಾ ಬರುವಷ್ಟರಲ್ಲಿ ವರ್ಷ ದಾಟಿರುವುದೂ ಉಂಟು. ಹೀಗೆ ಒಟ್ಟಿಗೆ ಬಾಳಿದ್ದಕ್ಕಿಂತ ಫೋನಿನಲ್ಲಿ ಮಾತಾಡಿದ್ದೇ ಹೆಚ್ಚಾಗಿರುವ ಜೋಡಿ, ತಮ್ಮ ಮದುವೆ ನಿಜವಾದದ್ದು ಎಂದು ಪರಿಚಯವೇ ಇಲ್ಲದ ಅಧಿಕಾರಿಗೆ ಕೆಲವೇ ನಿಮಿಷಗಳಲ್ಲಿ ತೋರಿಸಿಕೊಡಬೇಕು.

ಈ ಬರಹ ಅಮೆರಿಕದ ಪೌರರನ್ನೋ ಗ್ರೀನ್ ಕಾರ್ಡ್ ಇರುವವರನ್ನೋ ಮದುವೆಯಾಗಿ ಇಲ್ಲೇ ಕಾಯುತ್ತಿರುವವರಿಗೆ. ಸಂಗಾತಿ ಎಚ್-1ಬಿ ಮೇಲೆ ಕೆಲಸದಲ್ಲಿದ್ದರೆ ನಿಮಗೆ ಬೇಕಾದದ್ದು ಎಚ್-4 ವೀಸಾ. ಅದರ ದಾರಿಯೇ ಬೇರೆ.

ಹಂತ 1: ಫೈಲು ಎಲ್ಲಿದೆ, ನೋಡಿಕೊಳ್ಳಿ

ಮೊದಲು ಅಲ್ಲಿರುವವರು ಐ-130 ಅರ್ಜಿ ಹಾಕುತ್ತಾರೆ. ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್ ಅದನ್ನು ಒಪ್ಪಿದ ಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ 325 ಡಾಲರ್ ವೀಸಾ ಶುಲ್ಕ, ಖರ್ಚು ನೋಡಿಕೊಳ್ಳುವ ಭರವಸೆಯ ಪತ್ರಕ್ಕೆ 120 ಡಾಲರ್ ಕಟ್ಟಬೇಕು. ನೀವು ವೀಸಾ ಅರ್ಜಿ ಡಿಎಸ್-260 ತುಂಬುತ್ತೀರಿ, ಅವರು ಆ ಭರವಸೆಯ ಪತ್ರ ಐ-864. ಎಲ್ಲ ಸರಿಯಿದೆ ಎಂದ ಮೇಲೆ ಸಂದರ್ಶನದ ಸರದಿ. ಪೌರರ ಸಂಗಾತಿಗೆ ವರ್ಷಕ್ಕಿಷ್ಟೇ ವೀಸಾ ಎಂಬ ಮಿತಿಯಿಲ್ಲ. ಗ್ರೀನ್ ಕಾರ್ಡ್‌ನವರ ಸಂಗಾತಿ ಎಫ್‌2ಎ ವರ್ಗಕ್ಕೆ ಸೇರುವುದರಿಂದ ಪ್ರತಿ ತಿಂಗಳು ಹೊರಡುವ ವೀಸಾ ಬುಲೆಟಿನ್ ನೋಡುತ್ತಾ ಕಾಯಬೇಕು.

ಭಾರತದವರ ಈ ಸಂದರ್ಶನ ಸಾಮಾನ್ಯವಾಗಿ ನಡೆಯುವುದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ಕಾನ್ಸುಲೇಟಿನಲ್ಲಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ಅದು ಶುರುವಾದದ್ದು ವೀಸಾ ಸೇವೆ ಇಲ್ಲದೆ. ನಿಮ್ಮ ಸಂದರ್ಶನದ ಪತ್ರದಲ್ಲಿ ಯಾವ ಊರು ಇದೆಯೋ ಅದನ್ನೇ ನಂಬಿ.

ಹಂತ 2: ಹೆಸರಿನ ಗೋಜಲು ಬಿಡಿಸಿ

ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಇಲ್ಲಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು. ಆಧಾರ್‌ನಲ್ಲಿ ಅವು ಹೆಸರಿನ ಹಿಂದೆ. ಮದುವೆ ನೋಂದಣಿಯಲ್ಲಿ ಗಂಡನ ಹೆಸರು ಸೇರಿಕೊಂಡು ಇನ್ನೊಂದು ಅವತಾರ. ನಮಗೆ ಇವೆಲ್ಲ ಒಬ್ಬಳೇ ಹುಡುಗಿ. ಕಾಗದ ನೋಡುವವರಿಗೆ ನಾಲ್ವರು.

ಎಲ್ಲದಕ್ಕೂ ಪಾಸ್‌ಪೋರ್ಟಿನ ಹೆಸರೇ ಆಧಾರ. ಉಳಿದ ದಾಖಲೆಗಳಲ್ಲಿ ತಿದ್ದಿಸಲು ಆಗುವುದನ್ನು ತಿದ್ದಿಸಿ, ಆಗದ್ದಕ್ಕೆ ಈ ಎಲ್ಲ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಡಿಎಸ್-260ರಲ್ಲಿ ಬೇರೆ ಹೆಸರು ಬಳಸಿದ್ದೀರಾ ಎಂದು ಕೇಳುವ ಜಾಗದಲ್ಲಿ ಎಲ್ಲವನ್ನೂ ಬರೆಯಿರಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿಗೆ ಹೋದ ಮೇಲೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲದಕ್ಕೂ ಅದು ಅಂಟಿಕೊಳ್ಳಬಹುದು, ಆದ್ದರಿಂದ ಪಾಸ್‌ಪೋರ್ಟನ್ನು ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂಬ ನಿಯಮ ಅಮೆರಿಕದ್ದಲ್ಲ. ಅತ್ತೆ ಮನೆಯವರು ಕೇಳಿದರೆಂದು ಅರ್ಜಿಯ ನಡುವೆ ಬದಲಿಸಲು ಹೋಗಬೇಡಿ.

ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದ ಪತ್ರ ಸಾಲವು, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರವೇ ಬೇಕು. ಹಳ್ಳಿಯಲ್ಲಿ ಹುಟ್ಟಿ ಜನನ ನೋಂದಣಿಯಾಗದೆ ಉಳಿದವರು ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರದ ಜೊತೆಗೆ ಶಾಲೆಯ ದಾಖಲೆ, ಹಿರಿಯರ ಅಫಿಡವಿಟ್ ಇಡಬೇಕು. ಕನ್ನಡದಲ್ಲಿರುವ ಪ್ರತಿಯೊಂದು ಕಾಗದಕ್ಕೂ ಅನುವಾದಕರ ದೃಢೀಕರಣ, ಸಹಿ ಇರುವ ಇಂಗ್ಲಿಷ್ ಅನುವಾದ ಬೇಕು. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ ಸೇರಿಸಿ.

ಹಂತ 3: ಕಳಿಸಿದ ಫಾರಂಗಳನ್ನು ಇಬ್ಬರೂ ಒಟ್ಟಿಗೆ ಓದಿ

ಇಡೀ ತಯಾರಿಯಲ್ಲಿ ಒಂದನ್ನೇ ಮಾಡಲು ಪುರುಸೊತ್ತು ಇದ್ದರೆ ಇದನ್ನು ಮಾಡಿ ಎನ್ನುತ್ತೇನೆ. ಐ-130 ತುಂಬಿದ್ದು ಅವರು, ಬಹುಶಃ ಕೆಲಸ ಮುಗಿಸಿ ಬಂದು ರಾತ್ರಿ ತೂಕಡಿಸುತ್ತಾ. ಡಿಎಸ್-260 ತುಂಬಿದ್ದು ನೀವು, ಇಲ್ಲವೇ ನಿಮ್ಮ ಪರವಾಗಿ ಯಾರೋ ಏಜೆಂಟ್. ಇಬ್ಬರೂ ಒಬ್ಬರದನ್ನೊಬ್ಬರು ಓದಿಯೇ ಇರುವುದಿಲ್ಲ. ಆದರೆ ಅಧಿಕಾರಿಯ ಮುಂದೆ ಎರಡೂ ಒಟ್ಟಿಗೆ ತೆರೆದಿರುತ್ತವೆ.

ಬೇಸಿಗೆಯಲ್ಲಿ ಡಲ್ಲಾಸ್‌ನ ರಾತ್ರಿ ಒಂಬತ್ತೂವರೆ ನಮ್ಮ ಬೆಳಗಿನ ಎಂಟು. ಒಂದು ವಾರಾಂತ್ಯ ಇಬ್ಬರಿಗೂ ಹೊಂದುವ ಹೊತ್ತು ನೋಡಿ, ಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಓದಿ. ಮೊದಲು ಭೇಟಿಯಾದ ದಿನ ಯಾವುದು? ಹೆಣ್ಣು ನೋಡಲು ಬಂದ ದಿನವೋ, ಅದಕ್ಕೂ ಮುಂಚೆ ಹೋಟೆಲಿನಲ್ಲಿ ಕಾಫಿ ಕುಡಿದ ದಿನವೋ? ನಿಶ್ಚಿತಾರ್ಥ ಎಂದು? ಮದುವೆಯ ತಾರೀಖು ಎಂದರೆ ಧಾರೆಯದೋ, ನೋಂದಣಿಯದೋ? ಡಿಎಸ್-260 ಹದಿನಾರನೇ ವಯಸ್ಸಿನಿಂದ ಇದ್ದ ವಿಳಾಸಗಳನ್ನೆಲ್ಲ ಕೇಳುತ್ತದೆ. ಬೆಂಗಳೂರಿನಲ್ಲಿ ಪಿಜಿ ಬದಲಿಸುತ್ತಾ ಓದಿದವರು ಅರ್ಧ ಮರೆತಿರುತ್ತಾರೆ. ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಕೇಳುತ್ತದೆ. ಮೊದಲೊಮ್ಮೆ ವೀಸಾ ತಿರಸ್ಕಾರವಾಗಿದ್ದರೆ ಅದೂ ಇರಬೇಕು. ತಪ್ಪು ಕಂಡರೆ ಗಾಬರಿ ಬೇಡ. ಫಾರಂ ಮತ್ತೆ ತೆರೆಯಲು ಕೇಳಿಕೊಳ್ಳಿ, ಆಗದಿದ್ದರೆ ಸಂದರ್ಶನದ ಶುರುವಿನಲ್ಲೇ ನೀವಾಗಿ ಹೇಳಿ. ಮರೆತದ್ದನ್ನು ತಿದ್ದಬಹುದು. ಬೇಕೆಂದೇ ಸುಳ್ಳು ಹೇಳಿದ್ದು ಬಯಲಾದರೆ ಜೀವನಪರ್ಯಂತ ಬಾಗಿಲು ಮುಚ್ಚಬಹುದು.

ಹಂತ 4: ದೂರವಿದ್ದರೂ ಸಂಸಾರ ನಡೆದದ್ದಕ್ಕೆ ಗುರುತು

ಒಂದೇ ಮನೆಯ ಬಾಡಿಗೆ ಕರಾರು, ಒಟ್ಟು ಕರೆಂಟ್ ಬಿಲ್ಲು ನಿಮ್ಮಲ್ಲಿರುವುದಿಲ್ಲ, ಅದು ಅಧಿಕಾರಿಗಳಿಗೂ ಗೊತ್ತು. ನಿಮ್ಮ ಬಳಿ ಇರುವುದು ಬೇರೆ ಬಗೆಯದು: ಸಂಗಾತಿ ಬಂದುಹೋದಾಗಿನ ಪಾಸ್‌ಪೋರ್ಟಿನ ಮುದ್ರೆ ಮತ್ತು ಬೋರ್ಡಿಂಗ್ ಪಾಸ್, ಹಣ ಕಳಿಸಿದ ಬ್ಯಾಂಕ್ ದಾಖಲೆ, ವಿಮೆಯಲ್ಲಿ ನಾಮಿನಿಯಾಗಿ ನಿಮ್ಮ ಹೆಸರು, ಲಗ್ನಪತ್ರಿಕೆ, ಫೋನು ಕರೆಗಳ ಪಟ್ಟಿ. ವಾಟ್ಸಾಪ್ ಮಾತುಕತೆಯನ್ನು ಸಾವಿರ ಪುಟ ಮುದ್ರಿಸಿ ಹೊತ್ತೊಯ್ಯುವವರಿದ್ದಾರೆ, ಯಾರೂ ಓದುವುದಿಲ್ಲ. ತಿಂಗಳಿಗೊಂದೆರಡು ಪುಟ ಸಾಕು, ಪರಿಚಯವಾದಾಗಿನಿಂದ ಇಂದಿನವರೆಗೂ ಹರಡಿರಲಿ. ಫೋಟೊಗಳೂ ಹಾಗೆಯೇ. ಆಲ್ಬಂ ಬೇಡ. ಎರಡೂ ಕಡೆಯ ಹಿರಿಯರು ಕಾಣುವಂಥವನ್ನು ಆರಿಸಿ, ಹಿಂದೆ ತಾರೀಖು, ಊರು, ಯಾರು ಯಾರು ಎಂದು ಬರೆಯಿರಿ.

ಹಂತ 5: ಹಣದ ಕಾಗದ

ಐ-864 ಪ್ರಕಾರ ಅಲ್ಲಿರುವವರ ಆದಾಯ ಅಮೆರಿಕದ ಬಡತನ ಮಾರ್ಗಸೂಚಿಯ ಶೇ 125ರಷ್ಟಾದರೂ ಇರಬೇಕು. ಸಾಲದಿದ್ದರೆ ಅಲ್ಲಿ ನೆಲೆಸಿರುವ ಇನ್ನೊಬ್ಬ ಪೌರ ಅಥವಾ ಗ್ರೀನ್ ಕಾರ್ಡ್‌ನವರು ಜಂಟಿ ಪ್ರಾಯೋಜಕರಾಗಬಹುದು. ಸ್ನೇಹಿತರನ್ನು ಕೇಳುವ ಮುನ್ನ ಒಂದು ಮಾತು: ಈ ಹೊಣೆ ವಿಚ್ಛೇದನವಾದರೂ ಮುಗಿಯುವುದಿಲ್ಲ. ಫಾರಂ ಕಳಿಸಿದ ಮೇಲೆ ಕೆಲಸ ಬದಲಾಗಿದ್ದರೆ ಹೊಸ ಕಂಪನಿಯ ಪತ್ರ, ಸಂಬಳದ ಚೀಟಿಗಳು ನಿಮ್ಮ ಕೈಗೆ ತಲುಪಿರಲಿ.

ಹಂತ 6: ಪಿಸಿಸಿ, ಮೆಡಿಕಲ್

ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ. ದುಬೈ, ಸಿಂಗಪುರದಲ್ಲಿ ವರ್ಷಕ್ಕೂ ಹೆಚ್ಚು ಇದ್ದವರು ಅಲ್ಲಿಂದಲೂ ತರಿಸಬೇಕು.

ಮೆಡಿಕಲ್ ಮಾಡಬೇಕಾದವರು ಕಾನ್ಸುಲೇಟ್ ಗುರುತಿಸಿದ ವೈದ್ಯರೇ, ಮನೆ ಡಾಕ್ಟರು ಬರೆದುಕೊಟ್ಟದ್ದು ನಡೆಯದು. ರಕ್ತಪರೀಕ್ಷೆ, ಎದೆಯ ಎಕ್ಸ್-ರೇ, ಲಸಿಕೆ ಇರುತ್ತವೆ. ಹಳೆಯ ಲಸಿಕೆ ಕಾರ್ಡು ಸಿಕ್ಕರೆ ಕೊಂಡೊಯ್ಯಿರಿ, ಕೆಲವು ಚುಚ್ಚುಮದ್ದು ಉಳಿಯುತ್ತದೆ. ಎಕ್ಸ್-ರೇಯಲ್ಲಿ ಕ್ಷಯದ ಅನುಮಾನ ಬಂದರೆ ಕಫದ ಕಲ್ಚರ್ ಪರೀಕ್ಷೆಗೆ ಸುಮಾರು ಎಂಟು ವಾರ ಹಿಡಿಯುತ್ತದೆ. ಆದ್ದರಿಂದ ತಾರೀಖು ಸಿಕ್ಕಿದೊಡನೆ ಸಮಯ ಗೊತ್ತುಮಾಡಿಕೊಳ್ಳಿ. ಮುಚ್ಚಿದ ಲಕೋಟೆ ಕೊಟ್ಟರೆ ತೆರೆಯಬೇಡಿ.

ಹಂತ 7: ಕಿಟಕಿಯ ಮುಂದೆ

ಬೆರಳಚ್ಚಿಗೆ ಬೇರೆ ದಿನ, ಬೇರೆ ಜಾಗ ಇರುತ್ತದೆ. ಅದನ್ನೂ ಸೇರಿಸಿ ಮುಂಬೈ ಪ್ರಯಾಣ ಹಾಕಿಕೊಳ್ಳಿ. ಮಳೆಗಾಲವಾದರೆ ಒಂದು ದಿನ ಮೊದಲೇ ತಲುಪಿ. ಅಲ್ಲಿಯ ರಸ್ತೆ ಜುಲೈನಲ್ಲಿ ಯಾರ ಮಾತೂ ಕೇಳುವುದಿಲ್ಲ. ಫೋನು ಒಳಗೆ ಬಿಡುವುದಿಲ್ಲ, ಅಲ್ಲಿ ಇಡಲು ಜಾಗವೂ ಇಲ್ಲ. ಜೊತೆಗೆ ಬಂದ ಅಪ್ಪನ ಕೈಗೆ ಕೊಡಿ, ಇಲ್ಲವೇ ರೂಮಿನಲ್ಲಿಡಿ. ಸಂಗಾತಿ ಅಮೆರಿಕದಿಂದ ಬರಲೇಬೇಕೆಂದಿಲ್ಲ.

ಪಾಸ್‌ಪೋರ್ಟ್, ಸಂದರ್ಶನದ ಪತ್ರ, ಡಿಎಸ್-260 ದೃಢೀಕರಣದ ಪುಟ, ಎರಡು ಇಂಚು ಚೌಕದ ಎರಡು ಫೋಟೊ, ಎಲ್ಲ ದಾಖಲೆಗಳ ಮೂಲ ಮತ್ತು ಜೆರಾಕ್ಸ್ ಕೈಯಲ್ಲಿರಲಿ. ನಿಜ ಹೇಳುತ್ತೇನೆಂದು ಪ್ರಮಾಣ ಮಾಡಿಸಿ ಅಧಿಕಾರಿ ಮಾತು ಶುರುಮಾಡುತ್ತಾರೆ. ಹೇಗೆ ಪರಿಚಯ? ಅವರು ಏನು ಕೆಲಸ ಮಾಡುತ್ತಾರೆ? ಯಾರ ಜೊತೆ ಇದ್ದಾರೆ? ಮದುವೆಗೆ ಅವರ ಕಡೆಯಿಂದ ಯಾರು ಬಂದಿದ್ದರು? ಮದುವೆಯಾದ ಮೇಲೆ ಎಷ್ಟು ಸಲ ಬಂದಿದ್ದಾರೆ?

ಮನೆಯವರು ಜಾತಕ ನೋಡಿ ಮಾಡಿದ ಮದುವೆಯನ್ನು ಪ್ರೇಮಕಥೆಯಂತೆ ಅಲಂಕರಿಸಲು ಹೋಗಬೇಡಿ. ಸೋದರಮಾವ ಸಂಬಂಧ ತಂದರು, ಎರಡು ಸಲ ಮಾತಾಡಿದೆವು, ಒಪ್ಪಿಗೆಯಾಯಿತು ಎಂಬುದು ಮುಂಬೈನ ಕಿಟಕಿಗೆ ಹೊಸದಲ್ಲ. ಯೂಟ್ಯೂಬ್ ನೋಡಿ ಉರುಹೊಡೆದ ಉತ್ತರ ಮಾತ್ರ ದನಿಯಲ್ಲೇ ಗೊತ್ತಾಗುತ್ತದೆ. ಅವರ ಸಂಬಳ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಊಹಿಸಿ ಅಂಕಿ ಹೇಳಬೇಡಿ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿಸಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ಹಂತ 8: ಆಮೇಲೆ

221(ಜಿ) ಎಂದು ಬರೆದ ಚೀಟಿ ಕೊಟ್ಟರೆ ಕತೆ ಮುಗಿಯಿತೆಂದು ಅಳಬೇಡಿ. ಕಾಗದ ಕಡಿಮೆಯಿದೆ ಅಥವಾ ಇನ್ನೂ ಪರಿಶೀಲನೆ ಬಾಕಿಯಿದೆ ಎಂದರ್ಥ. ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಕೊಡಿ.

ವೀಸಾ ಬಂದರೆ ಅದರ ಮೇಲಿನ ಕೊನೆಯ ತಾರೀಖು ನೋಡಿ. ಸಾಮಾನ್ಯವಾಗಿ ಆರು ತಿಂಗಳೊಳಗೆ, ಮೆಡಿಕಲ್ ಅವಧಿಗೆ ತಕ್ಕಂತೆ ಇರುತ್ತದೆ. ಹೊರಡುವ ಮುನ್ನ ಯುಎಸ್‌ಸಿಐಎಸ್‌ಗೆ 235 ಡಾಲರ್ ಆನ್‌ಲೈನ್‌ನಲ್ಲಿ ಕಟ್ಟಿ, ಕಾರ್ಡು ಕಳಿಸುವುದು ಅದು ಸಂದಾಯವಾದ ಮೇಲೆಯೇ. ಅಲ್ಲಿ ಇಳಿಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಹಾಕಬೇಕು, ಆಗ ಕೇಳುವುದು ಒಂದೇ ಮನೆಯ ಬಾಡಿಗೆ ಕರಾರು, ಜಂಟಿ ಖಾತೆ, ಒಟ್ಟು ತೆರಿಗೆ ಲೆಕ್ಕದಂಥವನ್ನು. ಅಲ್ಲಿ ಇಳಿದ ಮೊದಲ ವಾರದಿಂದಲೇ ಅವುಗಳಿಗೊಂದು ಫೈಲು ಮಾಡಿಡಿ.