ಆರ್ಟ್ಸ್ ಎಂದರೆ ಬೆಚ್ಚುವವರಿಗೆ

ಕಳೆದ ದೀಪಾವಳಿಯ ಕೂಟದ ಊಟದಲ್ಲಿ, ಊರಿನಿಂದ ಬಂದು ಇನ್ನೂ ವರ್ಷ ತುಂಬದ ಮಹನೀಯರೊಬ್ಬರು, ತಮ್ಮ ಮಗಳು ಲಿಬರಲ್ ಆರ್ಟ್ಸ್ ಕಾಲೇಜನ್ನು ಆರಿಸಿಕೊಂಡಳೆಂದು ಸೂತಕದ ಮನೆಯವರಂತೆ ಮುಖ ಮಾಡಿಕೊಂಡು, “ಪಿಯುಸಿಯಲ್ಲಿ ಸೈನ್ಸ್ ಓದಿದ ಹುಡುಗಿ ಸ್ವಾಮಿ, ಈಗ ಆರ್ಟ್ಸ್ ಸೇರುವುದೆ?” ಎಂದಾಗ, ಒಬ್ಬಟ್ಟಿನ ತುಂಡು ನನ್ನ ಗಂಟಲಲ್ಲೇ ನಿಂತಿತು. ಹನ್ನೊಂದು ವರ್ಷಗಳ ಹಿಂದೆ ಇದೇ ಮಾತನ್ನಾಡಿ ಡಾಲರುಗಳಲ್ಲಿ ದಂಡ ತೆತ್ತವನು ನಾನು.

ನಮ್ಮಲ್ಲಿ ಆರ್ಟ್ಸ್ ಎಂಬುದು ಸೈನ್ಸ್ ಸಿಗದವರ ಪಾಲು. ಇಲ್ಲಿ, ಅಮೆರಿಕದಲ್ಲಿ, ಅದರ ಅರ್ಥವೇ ಬೇರೆ. ಲ್ಯಾಟಿನ್ನಿನಲ್ಲಿ ‘ಲಿಬರ್’ ಎಂದರೆ ಸ್ವತಂತ್ರ. ಸ್ವತಂತ್ರ ಮನುಷ್ಯನಿಗೆ ಯೋಗ್ಯವೆಂದು ಮಧ್ಯಯುಗದ ಯೂರೋಪು ಎಣಿಸಿದ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆಗಳೊಡನೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಗಳೂ ಇದ್ದುವು. 1636ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ಆ ಪರಂಪರೆಯನ್ನೇ ಕಡಲಾಚೆಯಿಂದ ತಂದುಕೊಂಡಿತು. ಗ್ರೀಕ್ ಲ್ಯಾಟಿನ್‌ಗಳೇತಕ್ಕೆಂಬ ಕೂಗೆದ್ದಾಗ, 1828ರಲ್ಲಿ ಯೇಲ್ ಕಾಲೇಜಿನವರು, ತಮ್ಮ ಕಾರ್ಯ ಕಸುಬು ಕಲಿಸುವುದಲ್ಲ, ಬುದ್ಧಿಗೆ ಶಿಸ್ತನ್ನೂ ಸಾಮಗ್ರಿಯನ್ನೂ ಒದಗಿಸುವುದೆಂದು ವರದಿ ಬರೆದರು. 1869ರಿಂದ ನಲವತ್ತು ವರ್ಷ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್, ಕಟ್ಟು ಸಡಿಲಿಸಿ, ವಿಷಯಗಳನ್ನು ವಿದ್ಯಾರ್ಥಿಯೇ ಆರಿಸಲೆಂದರು. ಮಹಾಯುದ್ಧದ ಬೆನ್ನಿಗೆ, 1919ರಲ್ಲಿ, ಕೊಲಂಬಿಯಾ ಎಲ್ಲರಿಗೂ ಕಡ್ಡಾಯವಾದ ನಾಗರಿಕತೆಯ ಪಾಠವೊಂದನ್ನು ಹೂಡಿತು.

ಈ ಜಗ್ಗಾಟದಲ್ಲಿ ಹುಟ್ಟಿದ ರಾಜಿಯೇ ನಮ್ಮ ಮಕ್ಕಳು ‘ಜೆನ್ ಎಡ್’ (ಜನರಲ್ ಎಜುಕೇಶನ್) ಎಂದು ಗೊಣಗುವ ಪದ್ಧತಿ: ತಾನು ಆರಿಸಿದ ವಿಷಯದ ಜೊತೆಗೆ ಭಾಷೆ, ಬರವಣಿಗೆಯಂಥ ಕೆಲವು ಕಡ್ಡಾಯ ಪಾಠಗಳನ್ನೂ ಮುಗಿಸಬೇಕು. ನಾನು ಬಿದ್ದ ಹಳ್ಳವೂ ಅದೇ. “ಗಣಿತ, ಕಂಪ್ಯೂಟರ್ ಮೊದಲು ಮುಗಿಸು, ಪುರಾಣವನ್ನೆಲ್ಲ ಕೊನೆಗೆ ನೋಡೋಣ” ಎಂದು ಮಗನಿಗೆ ಆಜ್ಞಾಪಿಸಿದೆ. ಪುರಾಣ ಕಾಯಲಿಲ್ಲ. ವಿದೇಶೀ ಭಾಷೆಯ ಪಾಠ ಸರಪಳಿಯಂತೆ: ಮೊದಲನೆಯದನ್ನು ಮುಗಿಸದೆ ಎರಡನೆಯದಿಲ್ಲ, ಒಂದೇ ಸೆಮಿಸ್ಟರಿನಲ್ಲಿ ಎರಡನ್ನೂ ಹಿಡಿಯುವಂತಿಲ್ಲ. ಪರೀಕ್ಷೆ ಕೊಟ್ಟು ಬಿಡುಗಡೆ ಪಡೆಯೋಣವೆಂದರೆ ಕನ್ನಡಕ್ಕೆ ಆ ಕಾಲೇಜಿನಲ್ಲಿ ಪರೀಕ್ಷಕರೇ ಇರಲಿಲ್ಲ. ಕಡೆಯ ವರ್ಷದ ಕಡೆಯ ಸೆಮಿಸ್ಟರಿನಲ್ಲಿ ಸ್ಪ್ಯಾನಿಷ್ ಆರಂಭಿಸಿದ ನನ್ನ ಮಗ, ಗೆಳೆಯರೆಲ್ಲ ಪದವಿಯ ಟೋಪಿ ತೂರಿ ಮನೆಗೆ ಹೋದ ಮೇಲೆ, ಬೇಸಗೆಯ ತರಗತಿಯಲ್ಲಿ ಒಂಟಿಯಾಗಿ ಕ್ರಿಯಾಪದ ಉರುಹೊಡೆದ, ಶುಲ್ಕ ಬೇರೆ.

ಆದುದರಿಂದ, ಮೊದಲ ಸೆಮಿಸ್ಟರಿನ ನೋಂದಣಿಗೆ ಮುನ್ನವೇ ಅಡ್ವೈಸರನ್ನು ಕಂಡು, ಪದವಿಗೆ ಬೇಕಾದುದೆಲ್ಲವನ್ನೂ ಕಾಣಿಸುವ ಪಟ್ಟಿಯನ್ನು ಕೇಳಿ ಪಡೆಯಿರಿ. ಭಾಷೆಯನ್ನೂ ಬರವಣಿಗೆಯ ಪಾಠವನ್ನೂ ಮೊದಲ ವರ್ಷವೇ ಹಿಡಿಸಿರಿ. ಹೈಸ್ಕೂಲಿನ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯ ಅಂಕಗಳು ಒಟ್ಟು ಕ್ರೆಡಿಟ್ಟಿಗೆ ಸೇರಿದರೂ ಈ ಕಡ್ಡಾಯಗಳಿಗೆ ಒದಗದೆ ಹೋಗಬಹುದು. ಮೇಜರ್, ಅಂದರೆ ಮುಖ್ಯ ವಿಷಯ, ಯಾವುದೆಂದು ಮಾತ್ರ ಈಗಲೇ ಪೀಡಿಸಬೇಡಿ; ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯವರೆಗೆ ಅವಕಾಶವುಂಟು.

ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರವೂ ಉಂಟೆಂದು ತಿಳಿದು ಆ ಮಹನೀಯರ ಮುಖ ಅರಳಿತು. ಮಗಳು, ತನಗೆ ಬೇಕಾದುದು ತತ್ತ್ವಶಾಸ್ತ್ರವೆಂದು ಮೆಲ್ಲಗೆ ಹೇಳಿ, ಪಾಯಸಕ್ಕೆಂದು ಎದ್ದುಹೋದಳು.