ಬ್ರೆಡ್ಡಿನ ಯಂತ್ರವುಳ್ಳವರಿಗೆ

ಕುಷ್ಟಗಿ, ಯಲಬುರ್ಗಾ ಸೀಮೆಯ ಎರೆಹೊಲದ ಬಿಳಿಜೋಳವನ್ನು ಉಂಡು ಬೆಳೆದ ಮನೆಗಳಲ್ಲಿ ಬ್ರೆಡ್ಡಿನ ಯಂತ್ರವನ್ನು ತಂದಿರಿಸಿಕೊಂಡವರು ಮೊದಲು ಅರಿಯತಕ್ಕದ್ದೇನೆಂದರೆ, ಗೋಧಿಗೆ ಸಹಜವಾದ ಗ್ಲುಟೆನ್ನಿನ ಜಿಗುಟು ಜೋಳದಲ್ಲಾಗಲಿ ಗಂಗಾವತಿಯ ಅಕ್ಕಿಯಲ್ಲಾಗಲಿ ಲೇಶಮಾತ್ರವೂ ಇಲ್ಲದಿರುವುದರಿಂದ, ಯೀಸ್ಟು ಉತ್ಪಾದಿಸುವ ವಾಯುವನ್ನು ಹಿಡಿದಿಡಲಾರದೆ ಆ ಹಿಟ್ಟು ಉಬ್ಬದೆ ಕುಸಿಯುತ್ತದೆ. ಆದಕಾರಣ ಗೋಧಿಯೇ ಪ್ರಧಾನವಾಗಿರಲಿ, ಜೋಳವು ಐದರಲ್ಲೊಂದು ಪಾಲನ್ನು ಮೀರದಿರಲಿ. ಜೋಳದ ನಿಜವಾದ ಮಹಿಮೆಯು ಕೈಯಿಂದ ಬಡಿದ ರೊಟ್ಟಿಯಲ್ಲಿಯೇ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಪ್ಪಳದ ವೈಶಾಖದ ಬೇಗೆಯಲ್ಲಿ ಹಿಟ್ಟು ಅಕಾಲದಲ್ಲಿಯೇ ಉಕ್ಕಿ ಬೀಳುವುದುಂಟು. ಆಗ ತಂಪಾದ ನೀರನ್ನೇ ಬಳಸಿ, ಯೀಸ್ಟನ್ನು ತುಸು ಕಡಮೆ ಮಾಡಿರಿ. ಬ್ರೆಡ್ಡನ್ನು ತೆಗೆದು ಪಾತ್ರೆ ಆರಿದ ತರುವಾಯ, ಒಳಗೆ ಉಗುರುಬೆಚ್ಚಗಿನ ನೀರು ಹುಯ್ದು ಕಲಸುವ ಅಲಗನ್ನು ಸಡಿಲಿಸಿರಿ. ಲೋಹದ ಚಮಚದಿಂದ ಕೆರೆದು ಲೇಪನವನ್ನು ಕೆಡಿಸಬೇಡಿರಿ. ಪಾತ್ರೆಯನ್ನು ಪೂರ್ತಿಯಾಗಿ ಮುಳುಗಿಸಿದರೆ ತಳದ ಬೇರಿಂಗಿಗೆ ನೀರಿಳಿದು ತುಕ್ಕು ಹಿಡಿಯುತ್ತದೆ.